ಪಾಸ್‌ಬುಕ್ ಯಂತ್ರಕ್ಕೆ ಬಾಳೆಹಣ್ಣು

ಬಳ್ಳಾರಿಯ ಗಾಂಧಿನಗರದ ಬ್ಯಾಂಕೊಂದರಲ್ಲಿ, ಪಾಸ್‌ಬುಕ್ ಮುದ್ರಿಸುವ ಯಂತ್ರದ ತಲೆಯ ಮೇಲೆ ಅಜ್ಜಿಯೊಬ್ಬರು ಎರಡು ಬಾಳೆಹಣ್ಣು ಇಡುತ್ತಿದ್ದರು.

“ಇದೇನವ್ವಾ?” ಎಂದೆ.

“ನನ್ನ ಖಾತೆ ಬ್ಯಾರೆ ಬ್ಯಾಂಕಿನಾಗ ಐತಿ ತಮ್ಮಾ. ವಾಪಸ್ ಕಳಸ್ತೈತೇನೋ ಅಂತ ಅಂಜಿಕೋತ ಹಚ್ಚೊಳ್ಳಿಯಿಂದ ಬಂದೆ. ಒಂದ್ ಮಾತು ಅನ್ನದ ಪ್ರಿಂಟ್ ಮಾಡಿ ಕೊಟ್ತು. ಮಂದಿ ಮನ್ಯಾಗ ಕೆಲಸ ಮಾಡಿಸ್ಕೊಂಡು ಬರಿಗೈಲಿ ಹೋಗಾಕ ಆಗತೈತೇನು?”

“ಈಗ ಎಲ್ಲಾ ಬ್ಯಾಂಕಿನವರಿಗೂ ಇದೊಂದ ಮಷಿನ್ ಅವ್ವಾ, ಏನೂ ಕೊಡೋದು ಬ್ಯಾಡ.”

“ಎಲ್ಲಾರ್ದೂ ಇದೊಂದ ಮಾಡ್ತೈತೇನು? ಪಾಪ!” ಎನ್ನುತ್ತ ಅಜ್ಜಿ ಚೀಲದಿಂದ ಇನ್ನೊಂದು ಹಣ್ಣು ತೆಗೆದಿಟ್ಟರು.

ನನ್ನ ಖಾತೆಯೂ ಬೇರೆ ಬ್ಯಾಂಕಿನದೇ. ಇಷ್ಟು ದಿನ ಆ ಯಂತ್ರಕ್ಕೆ ನಾನು ಕೊಟ್ಟಿದ್ದು ಬೈಗುಳ ಮಾತ್ರ. ಅವತ್ತು ನನ್ನ ಪ್ರಿಂಟ್ ಮುಗಿದ ಮೇಲೆ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅದಕ್ಕೆ ಮೆಲ್ಲಗೆ “ಬರ್ತೀನ್ರಿ” ಎಂದೆ.