ಹಳದಿ ನಕ್ಷತ್ರ ಯಾಕೆ ಬೇಕಾಗಿತ್ತು?

"ಸರ್, ಅವ್ರಿಗೆ ಹಳದಿ ನಕ್ಷತ್ರ ಯಾಕ ಬೇಕಾಗಿತ್ರಿ?"

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ ಪ್ರಶ್ನೆ ಇದು. ಅದರಲ್ಲಿ ತುಂಟತನ ಇರಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ್ದ. ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಅಲ್ಲಿ ನಡೆದದ್ದನ್ನು ಕಂಡಷ್ಟೇ, ಕೇಳಿದಷ್ಟೇ ಬರೆಯುತ್ತೇನೆ.

ಊರಿನ ಹೆಸರು ಹೇಳುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರರಲ್ಲಿ ಒಂದು ಅಂದುಕೊಳ್ಳಿ. (ಫೋನ್ ಮಾಡಿ ಯಾವುದು ಅಂತ ಕೇಳಬೇಡಿ. ಯಾಕೆ ಅಂತ ಓದುತ್ತ ನಿಮಗೇ ತಿಳಿಯುತ್ತದೆ.)

ಆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರು ನನ್ನ ಹಳೆಯ ಗೆಳೆಯ. ಪೇಪರ್ ಓದುವುದರ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು ಬಾ ಎಂದು ಕರೆದಿದ್ದ. ಬೇಗ ಹೋದೆ. ಗೇಟಿನ ಎದುರಿನ ಡಬ್ಬಿ ಅಂಗಡಿಯಲ್ಲಿ ಚಹಾ ಕುಡಿಯುವಾಗ ಅವನ ಮುಖ ಸಪ್ಪಗಿತ್ತು.

"ಇವತ್ತು ಜರ್ಮನಿ ಪಾಠ ಐತಿ. ಯಾಕೋ ಅಂಜಿಕಿ ಬರಾಕತ್ತೈತಿ," ಅಂದ.

ಇಷ್ಟು ವರ್ಷ ಕಲಿಸಿದ ಮೇಷ್ಟ್ರಿಗೆ ಜರ್ಮನಿಯ ಅಂಜಿಕೆಯೇ? ನಕ್ಕೆ. ಅವನು ನಗಲಿಲ್ಲ.

ಹೇಳಿದ. ಆ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಸ್ನೇಹಾ ಅನ್ನೋಣ. ಎಂಟರವರೆಗೆ ಬೇರೆ ಕಡೆ ಓದಿ ಈ ವರ್ಷ ಒಂಬತ್ತಕ್ಕೆ ಇಲ್ಲಿಗೆ ಬಂದವಳು. ತಂದೆ ಸರ್ಕಾರಿ ನೌಕರ, ವರ್ಗವಾಗಿ ಬಂದವರು. ಬೌದ್ಧ ಕುಟುಂಬ. ಬಾಡಿಗೆ ಮನೆ ಹುಡುಕಿದಲ್ಲೆಲ್ಲ ಅವರಿಗೆ ಒಂದೇ ಪ್ರಶ್ನೆ: "ನಿಮ್ಮ ಮನೆದೇವ್ರು ಯಾವುದ್ರಿ?"

ನಮ್ಮ ಕಡೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಜಾತಿ ಕೇಳುವುದು ಸಣ್ಣತನ ಅಂತ ನಮಗೆಲ್ಲ ಗೊತ್ತು. ಅದಕ್ಕೇ ದೇವರನ್ನು ಕೇಳುತ್ತೇವೆ.

ನಿಜ ಹೇಳಿದಲ್ಲೆಲ್ಲ "ನಿನ್ನೆನ ಬ್ಯಾರೇದವ್ರಿಗೆ ಮಾತು ಕೊಟ್ಟೀವ್ರಿ" ಎಂಬ ಉತ್ತರ ಬಂತು. ಕೊನೆಗೆ ಸೋತು, ಒಂದು ಕಡೆ ಯಾವುದೋ ದೇವರ ಹೆಸರು ಹೇಳಿದರು. ಮನೆ ಸಿಕ್ಕಿತು. ಅದೇ ಹೆಸರನ್ನು ಮಗಳಿಗೂ ಹೇಳಿಕೊಟ್ಟರು. ಆ ಮನೆ ಓನರ್‌ನ ಮಗ ಸ್ನೇಹಾಳ ಕ್ಲಾಸಿನಲ್ಲೇ ಇದ್ದಾನೆ.

"ಒಂದು ಮಾತು ಹೆಚ್ಚುಕಮ್ಮಿ ಆದ್ರ ವರ್ಷದ ನಡುವ ಮನಿ ಖಾಲಿ ಮಾಡಬೇಕು. ಆ ಹುಡುಗಿ ಸಾಲಿನೂ ತಪ್ಪತೈತಿ," ಅಂದ ಗೆಳೆಯ. ಅಷ್ಟರಲ್ಲಿ ಬೆಲ್ ಆಯಿತು.

ಪಾಠ ಚೆನ್ನಾಗಿಯೇ ನಡೆಯಿತು. ನಾಜಿಗಳು ಯಹೂದಿಗಳ ಅಂಗಡಿಗೆ ಹೋಗಬೇಡಿ ಎಂದದ್ದು. ಅವರ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದು. ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಓಡಾಡಬೇಕೆಂದು ಹುಕುಂ ಮಾಡಿದ್ದು. ಆಮೇಲೆ ಲಕ್ಷಗಟ್ಟಲೆ ಜನರನ್ನು ಕೊಂದದ್ದು. ಕ್ಲಾಸು ಉಸಿರು ಬಿಗಿಹಿಡಿದು ಕೇಳಿತು. ಒಬ್ಬ ಹುಡುಗಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆಗ ಎದ್ದವನೇ ಓನರ್‌ನ ಮಗ. ಶರಣು ಅನ್ನೋಣ. ಅವನ ಪ್ರಶ್ನೆಯನ್ನು ಮೊದಲೇ ಹೇಳಿದ್ದೇನೆ.

"ನೋಡಾಕ ಎಲ್ಲಾರೂ ಒಂದ ಥರ ಇದ್ರಪ್ಪ. ಗುರ್ತು ಸಿಗ್ತಿದ್ದಿಲ್ಲ. ಅದಕ್ಕ ನಕ್ಷತ್ರ," ಅಂದ ಗೆಳೆಯ.

"ನೋಡಿದ್ರ ಯಾರಿಗೆ ಸಿಗತೈತ್ರಿ ಸರ್? ಕೇಳಬೇಕು! ನಮ್ಮಮ್ಮ ಎರಡ ಮಾತಿನ್ಯಾಗ ಕಂಡ್ಹಿಡಿತಾಳ."

ಕ್ಲಾಸು ಘೊಳ್ಳೆಂದು ನಕ್ಕಿತು. ಆಮೇಲೆ ತಡೆಯಲಾಗಲಿಲ್ಲ.

"ಯಾವ ಓಣಿ ಅಂತ ಕೇಳಿದ್ರ ಮುಗೀತ್ರಿ ಸರ್."

"ಕೇಳೂದೂ ಬ್ಯಾಡಲೇ, ಬಸ್ಸಿನ್ಯಾಗ ಯಾವ ಸ್ಟಾಪಿಗೆ ಇಳೀತಾರ ನೋಡು."

"ವಾಟ್ಸಾಪ್ ಸ್ಟೇಟಸ್ ನೋಡ್ರಿ ಸರ್! ಯಾವ ಜಯಂತಿಗೆ ಯಾರ ಫೋಟೊ ಹಾಕ್ಯಾರ ಅಂತ."

ದುಪಟ್ಟಾದ ಹುಡುಗಿಯೂ ಕೈ ಎತ್ತಿದಳು. ಕಣ್ಣು ಇನ್ನೂ ಒದ್ದೆ ಇತ್ತು. "ನಮ್ಮಾಯಿ ನೀರು ಕೊಡಾಕ ಯಾವ ಗ್ಲಾಸ್ ತಗೀತಾಳ ನೋಡಿದ್ರ, ಬಂದೋರು ಯಾರಂತ ನನಗ ತಿಳೀತೈತ್ರಿ."

ಈ ಮಕ್ಕಳಲ್ಲಿ ಯಾರೂ ಕೆಟ್ಟವರಲ್ಲ. ಕ್ವಿಜ್‌ಗೆ ಉತ್ತರ ಹೇಳುವ ಹುರುಪು, ಅಷ್ಟೇ.

ಶರಣು ಹಿಂದೆ ತಿರುಗಿದ. "ಹೌದು, ಏ ಸ್ನೇಹಾ, ನಿಮ್ಮ ಮನೆದೇವ್ರು ಯಾವುದು? ನಿಮ್ಮಪ್ಪ ಹೇಳಿದ್ದು ನಮ್ಮಮ್ಮ ಮರ್ತಾಳ. ನಿನ್ನೆ ಕೇಳಾಕತ್ತಿದ್ಳು."

ಗೆಳೆಯ ಚಾಕ್‌ಪೀಸ್ ಹಿಡಿದ ಕೈಯನ್ನು ಬೋರ್ಡಿನ ಮೇಲೇ ನಿಲ್ಲಿಸಿದ. ತಡೆದರೆ ಅನುಮಾನ ಹುಟ್ಟುತ್ತದೆ. ಸುಮ್ಮನಿದ್ದರೆ ಅವಳು ಉತ್ತರಿಸಬೇಕು. ಅವನು ತಡೆಯಲಿಲ್ಲ. ನಾನೂ.

ಸ್ನೇಹಾ ಎದ್ದು ನಿಂತಳು. ಕೈ ಹಿಂದೆ ಕಟ್ಟಿಕೊಂಡಳು. ದೇಶದ ರಾಜಧಾನಿ ಕೇಳಿದರೆ ಹೇಳುವ ಹಾಗೆ ಒಂದು ಹೆಸರು ಹೇಳಿದಳು. (ಅದನ್ನೂ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತಿರುವ ದೇವರೇ.)

"ಹಂಗಾರ ನೀವು ನಮ್ಮವ್ರ ಬಿಡು! ಹುಣ್ಣಿಮಿಗೆ ಗುಡಿಗೆ ಕೂಡೇ ಹೋಗೂಣು," ಅಂದ ಶರಣು. ಅವನಿಗೆ ನಿಜಕ್ಕೂ ಖುಷಿಯಾಗಿತ್ತು.

ಸ್ನೇಹಾ ನಕ್ಕಳು. ಆ ವಯಸ್ಸಿನ ಹುಡುಗಿಗೆ ಅಷ್ಟು ಚೆನ್ನಾಗಿ ಸುಳ್ಳು ನಗು ಬರಬಾರದು.

ಆಮೇಲೆ ಪೇಪರ್ ಓದುವುದರ ಬಗ್ಗೆ ನಾನೇನು ಮಾತಾಡಿದೆನೋ ನೆನಪಿಲ್ಲ. ಕ್ಲಾಸು ಮುಗಿದ ಮೇಲೆ ಸ್ನೇಹಾ ವರಾಂಡಕ್ಕೆ ಬಂದು ಗೆಳೆಯನನ್ನು ಕೇಳಿದಳು.

"ಸರ್, ನಕ್ಷತ್ರ ಹಚ್ಕೊಳಲಾರ್ದ ಉಳಿದೋರು ಇದ್ರೇನ್ರಿ?"

"ಇದ್ರವ್ವ. ಬ್ಯಾರೆ ಹೆಸರು ಹೇಳ್ಕೊಂಡು ಇದ್ರು."

"ಸಿಕ್ಕಿಬಿದ್ರೇನ್ರಿ?"

"ಭಾಳ ಮಂದಿ ಸಿಕ್ಕಿಬಿದ್ರು."

"ಯಾರು ಹಿಡ್ಕೊಟ್ರಿ? ಮನಿ ಓನರ್ರಾ?"

ಗೆಳೆಯ ಕೈಯ ಚಾಕ್ ಪುಡಿ ನೋಡಿಕೊಂಡ. "ಕೆಲವು ಕಡೆ ಅವ್ರ ಹಿಡ್ಕೊಟ್ಟಾರ. ಕೆಲವು ಕಡೆ ಅವ್ರ ಮುಚ್ಚಿಟ್ಟು ಉಳಿಸ್ಯಾರ."

"ಯಾರು ಯಾವ ಥರದವ್ರು ಅಂತ ಮೊದ್ಲ ಹೆಂಗ ಗುರ್ತು ಹಿಡಿಬೇಕ್ರಿ?"

ಇದಕ್ಕೆ ನಿಮ್ಮ ಬಳಿ ಉತ್ತರ ಇದೆಯೇ?

ಜರ್ಮನಿಗೂ ನಮಗೂ ಏನು ಹೋಲಿಕೆ ಎಂದು ನೀವು ಬೈಯಬಹುದು. ಇಲ್ಲಿ ಯಾರನ್ನೂ ರೈಲಿಗೆ ತುಂಬಿಲ್ಲ, ಒಪ್ಪಿದೆ. ನಾನು ಹೋಲಿಸುತ್ತಿಲ್ಲ. ಹೋಲಿಸಿದ್ದು ಶರಣು. ನಕ್ಷತ್ರ ಹೊಲಿಸಿದವರು ದಡ್ಡರಂತೆ ಕಂಡದ್ದು ಅವನಿಗೆ.

ಅವರು ಆ ಊರು ಬಿಟ್ಟ ಮೇಲೆ, ಸ್ನೇಹಾಳ ತಂದೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರೀರಿ. ಊರ ಹೆಸರೊಂದು ಬ್ಯಾಡ್ರಿ," ಅಂದರು.

ಇಷ್ಟೇ ಆಗಿದ್ದರೆ ಬೇರೆಯವರ ಮನೆಯ ಕಥೆ ಎಂದು ಮುಗಿಸುತ್ತಿದ್ದೆ. ಆದರೆ ಸಿಂಧನೂರಿನ ನಮ್ಮ ಮನೆಯ ಮೇಲಿನ ಎರಡು ಕೋಣೆ ಖಾಲಿ ಇವೆ, ಗೇಟಿಗೆ ಬೋರ್ಡು ಹಾಕಿದ್ದೇನೆ. ಭಾನುವಾರ ಗೊರೇಬಾಳದ ಕಡೆ ಕೆಲಸಕ್ಕೆ ಸೇರಿದ ಒಬ್ಬರು ಹೆಂಡತಿಯ ಜೊತೆ ನೋಡಲು ಬಂದರು. ಬೈಕು ನಿಲ್ಲಿಸಿದರು. ಚಪ್ಪಲಿ ಗೇಟಿನ ಹೊರಗೇ ಬಿಟ್ಟರು. ನಾನು ಬಾಗಿಲಲ್ಲಿ ನಿಂತು "ಬರ್ರಿ" ಅಂದೆ.

ಅವರು ಮೆಟ್ಟಿಲ ಕೆಳಗೇ ನಿಂತರು. ಕೈ ಹಿಂದೆ ಕಟ್ಟಿಕೊಂಡರು. ನೀರಿನ ಬಗ್ಗೆ ಕೇಳಲಿಲ್ಲ, ಕರೆಂಟಿನ ಬಗ್ಗೆ ಕೇಳಲಿಲ್ಲ. ಮೊದಲ ಮಾತಾಗಿ ತಮ್ಮ ಮನೆದೇವರ ಹೆಸರು ಹೇಳಿದರು.

ನಾನು ಏನೂ ಕೇಳಿರಲಿಲ್ಲ. ನನ್ನ ಮುಖ ಕೇಳಿತ್ತೇ?