ಮನೆಗೆ ನಾಲ್ಕು ವೋಟು

ನಮ್ಮ ಕನ್ನಡದವರು ಊಟಕ್ಕೆ ಕರೆದರೂ ಮನೆ ಲೆಕ್ಕ, ವೋಟು ಕೇಳಿದರೂ ಮನೆ ಲೆಕ್ಕ. ಹೋದ ವರ್ಷ ಕೆಂಡಲ್ ಪಾರ್ಕಿನ ನಮ್ಮ ಬೀದಿಯ, ಮೋಟೆಲ್ ನಡೆಸುವ ಅಂಕಲ್ ಸ್ಕೂಲ್ ಬೋರ್ಡ್ ಚುನಾವಣೆಗೆ ನಿಂತರು. ತಮ್ಮ ಮನೆಯಲ್ಲೇ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟ ಇಟ್ಟುಕೊಂಡು, ಕೈಯಲ್ಲಿ ತಟ್ಟೆ ಹಿಡಿದೇ ಯಾರ ಮನೆಯದು ಎಷ್ಟು ಎಂದು ಎಣಿಸುತ್ತ ಓಡಾಡುತ್ತಿದ್ದರು. ಅಮ್ಮ ಬಿಸಿಬೇಳೆಬಾತ್ ಮಾಡಿ ತಂದಿದ್ದಳು.

ಅಪ್ಪ, ಅಮ್ಮ, ನಾನು, ತಮ್ಮ, ನಾವು ನಾಲ್ಕು ಜನ. ತಮ್ಮ ಜೈಲಿನಲ್ಲಿದ್ದಾನೆ. ಕುಡಿದು ರೂಟ್ ಒನ್ ಹೆದ್ದಾರಿಯಲ್ಲಿ ಕಾರು ಓಡಿಸಿ ಒಬ್ಬರ ಜೀವ ತೆಗೆದ. ಶಿಕ್ಷೆ ಬೇಡವೆಂದು ನಾನು ಯಾವತ್ತೂ ಹೇಳಿಲ್ಲ, ಅವನೂ ಹೇಳಿಲ್ಲ. ಫೋನು ಮಾಡಿದಾಗಲೆಲ್ಲ “ಅಕ್ಕಾ, ಹೂ ಈಸ್ ರನ್ನಿಂಗ್? ಯಾರು ನಿಂತಿದಾರೆ?” ಎಂದು ಕೇಳುತ್ತಾನೆ, ತನಗೂ ವೋಟಿದೆಯೇನೋ ಎಂಬಂತೆ. ಇಲ್ಲಿ ಜೈಲಿನಲ್ಲಿರುವವರಿಗೆ ವೋಟಿಲ್ಲ. ನಮ್ಮವರ ನಡುವೆ ಮಾತ್ರ ಅವನು ಟೆಕ್ಸಸ್‌ನಲ್ಲಿ ಪ್ರಾಜೆಕ್ಟ್ ಮೇಲಿದ್ದಾನೆ. ಅಮ್ಮ ಕಟ್ಟಿದ ಕಥೆ ಅದು. ನಮ್ಮಲ್ಲಿ ಮಕ್ಕಳು ಡಾಕ್ಟರ್ ಆಗುತ್ತಾರೆ, ಇಲ್ಲವೇ ಪ್ರಾಜೆಕ್ಟ್ ಮೇಲಿರುತ್ತಾರೆ. ಬೇರೆಲ್ಲೂ ಇರುವ ಹಾಗಿಲ್ಲ.

ಊಟದ ನಡುವೆ ಮಾತು ರಾಜಕೀಯಕ್ಕೆ ತಿರುಗಿತು. ಕೈದಿಗಳಿಗೆಲ್ಲ ಸಾರಾಸಗಟಾಗಿ ಮತ ನಿರಾಕರಿಸುವುದು ತಪ್ಪೆಂದು ಯುರೋಪಿನ ಕೋರ್ಟೊಂದು ಬ್ರಿಟನ್ನಿಗೆ ಹೇಳಿತ್ತಂತೆ ಎಂದು ಯಾರೋ ಅಂದರು. ಅಂಕಲ್‌ಗೆ ಅಷ್ಟೇ ಸಾಕಾಯಿತು.

“ಯಾವನ್ರೀ ಅವ್ನು ಫಾರಿನ್ ಜಡ್ಜು? ನಮ್ಮ ದೇಶಕ್ಕೆ ಹಾಗೆ ಹೇಳ್ಲಿ ನೋಡೋಣ! ಸಾವರಿನ್ಟಿ ಅಂತ ಒಂದಿರುತ್ತೆ. ಜೈಲಲ್ಲಿರೋ ಕಳ್ರು, ಕೊಲೆಗಾರ್ರು ವೋಟ್ ಹಾಕಿ ನಮ್ಮ ಮಕ್ಕಳ ಸ್ಕೂಲ್ ನಡೆಸ್ಬೇಕಾ?”

ನನಗೆ ಮೈಯೆಲ್ಲ ಉರಿಯಿತು. ಅವರ ಭಾಮೈದನನ್ನು ಏರ್‌ಪೋರ್ಟಿನಲ್ಲಿ ವೀಸಾ ವಿಚಾರಕ್ಕೆ ತಡೆದು ಕೂರಿಸಿಕೊಂಡಾಗ ಹ್ಯೂಮನ್ ರೈಟ್ಸ್ ಎಂದು ಊರೆಲ್ಲ ಒಂದು ಮಾಡಿದ್ದು ಇದೇ ಅಂಕಲ್. ಸಾವರಿನ್ಟಿ, ದೇಶದ ಸಾರ್ವಭೌಮತ್ವ ಎಂದರೆ ಜನರ ಮಾತು ಎನ್ನುತ್ತಾರೆ. ಆ ಜನರ ಸಾಲಿನಿಂದಲೇ ಒಬ್ಬನನ್ನು ಎಬ್ಬಿಸಿ, ಅವನ ಬಾಯಿ ಮುಚ್ಚಿಸಿ, ಹೊರಗಿನವರು ಮಾತಾಡಕೂಡದು ಎಂದರೆ ಅವನ ಅಹವಾಲು ಕೇಳುವವರು ಯಾರು? ಮನೆಯವರೇ ಬಾಗಿಲು ಹಾಕಿಕೊಂಡರೆ ಬೀದಿಯವರನ್ನು ತಾನೇ ಕೂಗಬೇಕು?

ಅಷ್ಟರಲ್ಲಿ ಅಂಕಲ್ ನಮ್ಮ ಬಳಿಗೇ ಬಂದರು. “ನಿಮ್ಮನೇದು ನಾಲ್ಕು, ಅಲ್ವಾ? ಅವ್ನಿಗೆ ಟೆಕ್ಸಸ್‌ನಿಂದಾನೇ ಬ್ಯಾಲಟ್ ಮೇಲ್ ಮಾಡಕ್ಕೆ ಹೇಳಿ.”

“ಹ್ಞೂಂ, ಹೇಳ್ತೀನಿ,” ಎಂದಳು ಅಮ್ಮ.

“ಮೂರು, ಅಂಕಲ್,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. “ಅವ್ನು ಟೆಕ್ಸಸ್‌ನಲ್ಲಿಲ್ಲ, ಜೈಲಲ್ಲಿದ್ದಾನೆ. ಈಗ ಕೊಲೆಗಾರ್ರು ಅಂದ್ರಲ್ಲ, ಅದ್ರಲ್ಲಿ ಅವ್ನೂ ಒಬ್ಬ.”

ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ಅಂಕಲ್ ನನ್ನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ ದನಿ ತಗ್ಗಿಸಿದರು.

“ಇರ್ಲಿ ಬಿಡಿ, ಈ ಮಾತು ಇಲ್ಲೇ ಇರ್ಲಿ. ಹಾಗಾದ್ರೆ ಮೂರು ಅಂತ ಇಟ್ಕೋತೀನಿ.”

ಅಮ್ಮ ನನಗೆ ಬೈಯುತ್ತಾಳೆ ಎಂದುಕೊಂಡೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಪಾಟ್‌ಲಕ್‌ಗೆ ತಂದ ಪಾತ್ರೆಯನ್ನು ಅಲ್ಲೇ ಬಿಟ್ಟು ಬರುವುದು ನಮ್ಮಲ್ಲಿ ರೂಢಿ, ಆಮೇಲೆ ತೊಳೆದು, ಒಳಗೆ ಏನಾದರೂ ಇಟ್ಟು ವಾಪಸು ಕೊಡುತ್ತಾರೆ. ಅಮ್ಮ ಅರ್ಧ ತುಂಬಿದ್ದ ತನ್ನ ಪಾತ್ರೆಗೆ ಮುಚ್ಚಳ ಹಾಕಿ, ಎರಡು ಕೈಯಲ್ಲೂ ಹಿಡಿದುಕೊಂಡು ಬಂದಳು.

“ಎಂಥ ಮೂರು?” ಎಂದಳು. “ನನ್ ಮಗನ್ನ ಬಿಟ್ಟು ನಮ್ಮನೆ ಲೆಕ್ಕ ಹಾಕ್ಬೇಡಿ.”