ಹಿಂದಕ್ಕೆ ಓಡುವ ಚಿಲಕಕ್ಕ

ಬೆಳಗಿನ ಐದೂವರೆ. ಮೈದಾನದ ಹುಲ್ಲು ಇನ್ನೂ ಒದ್ದೆ. ಮೂವತ್ತೇಳರ ಹೆಂಗಸೊಬ್ಬರು ಗೋಲುಕಂಬಕ್ಕೆ ಬೆನ್ನು ಮಾಡಿ ಹಿಂದುಹಿಂದಕ್ಕೆ ಓಡುತ್ತಿದ್ದಾರೆ. ಕಂಬದ ಬಳಿ ನಿಂತ ಗಂಡ ಕೈಯೆತ್ತಿ, "ಎಷ್ಟು ಬೆರಳು?" ಎಂದು ಕೂಗುತ್ತಾರೆ. ಆಕೆ ಓಡುತ್ತಲೇ ಹೆಗಲ ಮೇಲಿಂದ ಒಮ್ಮೆ ಕಣ್ಣು ಹಾಯಿಸಿ, "ಮೂರು" ಎನ್ನುತ್ತಾರೆ.

"ತಪ್ಪು, ಎರಡು. ಹೆಬ್ಬೆರಳು ಲೆಕ್ಕಕ್ಕಿಲ್ಲ."

"ಯಾಕ್ರೀ, ಅದನ್ನ ಪಕ್ಕದ ಮನೆಯಿಂದ ತಂದಿದೀರಾ?"

ಬೆನ್ನ ಹಿಂದೆ ಏನಿದೆಯೆಂದು ನಿಲ್ಲದೆ ತಿಳಿಯುವ ಈ ಅಭ್ಯಾಸ ದಿನಕ್ಕೆ ನಲವತ್ತು ಸಲ ನಡೆಯುತ್ತದೆ.

ಇವರು ದೇಶದ ಮಹಿಳಾ ಫುಟ್‌ಬಾಲ್ ತಂಡದ ಡಿಫೆಂಡರ್. ಎದುರಾಳಿಯನ್ನು ಗೋಲಿನತ್ತ ಬಿಡದಿರುವುದೇ ಕೆಲಸ; ಅದಕ್ಕೇ ತಂಡದವರು ಇಟ್ಟ ಹೆಸರು ಚಿಲಕಕ್ಕ. ಹದಿನಾರು ವರ್ಷ, ತೊಂಬತ್ತೊಂದು ಅಂತಾರಾಷ್ಟ್ರೀಯ ಪಂದ್ಯ, ಮುರಿದ ಮೂಗು ಒಂದು, ಹೊಲಿಗೆ ಬಿದ್ದ ಮೊಣಕಾಲು ಎರಡು. ಆಟದಿಂದ ಹೊಟ್ಟೆ ತುಂಬುವುದಿಲ್ಲ. ಎಂಟಕ್ಕೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಜರಿರಬೇಕು, ಸಂಜೆಯೊಳಗೆ ಇನ್ನೂರೈವತ್ತು ಹಾಸುಬಟ್ಟೆ ಮಡಚಬೇಕು. "ಮೂರು ಗಂಟೆಗೇ ಮೊಣಕಾಲು ಗೊಣಗೋಕೆ ಶುರು ಮಾಡುತ್ತೆ. ಬೈದು ಸುಮ್ಮನಿರಿಸ್ತೀನಿ," ಎನ್ನುತ್ತಾರೆ.

ಜನಕ್ಕೆ ನೆನಪಿರುವುದು ಒಂದೇ ಪಂದ್ಯ. ಒಂಬತ್ತು ವರ್ಷದ ಹಿಂದೆ, ಅರ್ಹತಾ ಪಂದ್ಯದ ಕೊನೆಯ ನಿಮಿಷದಲ್ಲಿ, ಈಕೆ ತಲೆಯಿಂದ ಹಿಂದಕ್ಕೆ ತಳ್ಳಿದ ಚೆಂಡು ತಮ್ಮದೇ ಗೋಲಿನೊಳಗೆ ಹೋಗಿ ತಂಡ ಸೋತಿತು. ಅದೇ ಚೆಂಡು ಹಿಡಿಯಲು ಗೋಲ್‌ಕೀಪರ್ ಮುಂದೆ ಬಂದಿದ್ದಳು. ಹಾಗೆ ಬರುವವಳು "ನಂದು" ಎಂದು ಕೂಗುವುದು ಆಟದ ರೂಢಿ. ಕೂಗಿದ್ದಾಳೆ, ಈಕೆ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೇ ಎಲ್ಲರೂ ನಂಬಿದರು. ಆಸ್ಪತ್ರೆಯಲ್ಲಿ ಕೊಳೆಬಟ್ಟೆ ತರುವವರೂ ಬಾಯಿಗೆ ಬಂದಂತೆ ಅಂದು ಹೋದರು.

ಆ ಗೋಲ್‌ಕೀಪರ್ ಈಗ ತಂಡದ ನಾಯಕಿ. ಮಾತಿಗೆ ಸಿಕ್ಕಾಗ ತಾನಾಗಿಯೇ ಹೇಳುತ್ತಾಳೆ: "ಬರೀರಿ ಪರವಾಗಿಲ್ಲ. ನಾನು ಕೂಗಲೇ ಇಲ್ಲ. ಹೆದರಿಕೆಗೆ ಬಾಯೇ ಬರಲಿಲ್ಲ. ಅಕ್ಕ ಇವತ್ತಿನವರೆಗೂ ಯಾರ ಹತ್ರನೂ ಹೇಳಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಕೇಳಿದವರಿಗೆ ಈ ಅನ್ಯಾಯಕ್ಕೆ ಸಿಟ್ಟು ಬರುತ್ತದೆ. ಚಿಲಕಕ್ಕನಿಗೆ ಸಿಟ್ಟು ಬರುವುದು ಗುಟ್ಟು ಹೊರಬಿದ್ದುದಕ್ಕೆ. "ಅವಳಿಗ್ಯಾಕೆ ಬೇಕಿತ್ತು ಈಗ? ಆಗಿನ್ನೂ ಹತ್ತೊಂಬತ್ತು ಅವಳಿಗೆ. ಅಷ್ಟು ಬೈಗುಳ ತಿಂದಿದ್ರೆ ಕೈಗವಸು ಬಿಸಾಕಿ ಮನೆ ಸೇರ್ಕೊಂಡಿರೋಳು. ಅವಳು ಕೂಗದಿದ್ರೂ ಹಿಂದೆ ನೋಡ್ಬೇಕಾದ್ದು ನಾನೇ ಅಲ್ವಾ?"

ಬರುವ ತಿಂಗಳು ಮತ್ತೆ ಅರ್ಹತಾ ಪಂದ್ಯ, ಎದುರಿಗೆ ಅದೇ ತಂಡ. ಆಡುವವರ ಪಟ್ಟಿ ಶನಿವಾರ ಬರುತ್ತದೆ. ಈಕೆಯ ಜಾಗಕ್ಕೆ ಇಪ್ಪತ್ತೆರಡರ, ಮೊಣಕಾಲು ಗಟ್ಟಿಯಿರುವ ಇನ್ನೊಬ್ಬಳಿದ್ದಾಳೆ. ಈ ಸಲ ಚಿಲಕಕ್ಕನ ಹೆಸರಿಲ್ಲದಿದ್ದರೆ ಮುಂದೆಂದೂ ಇಲ್ಲವೆಂಬುದು ಇಬ್ಬರಿಗೂ ಗೊತ್ತು.

"ಗೋಲು ಹೊಡೆಯೋರು ಹೊಡೀಲಿ, ಗೆದ್ರೆ ಅವರನ್ನೇ ಹೊತ್ಕೊಂಡು ಕುಣೀಲಿ. ನನ್ನನ್ನ ಆ ತೊಂಬತ್ತು ನಿಮಿಷ ನಿಲ್ಲಿಸಿದ್ರೆ ಸಾಕು. ಟೀವಿಯವರು ಒಂದ್ಸಲಾನೂ ನನ್ನ ಹೆಸರೆತ್ತದೆ ಆಟ ಮುಗೀಬೇಕು. ಆವತ್ತು ಮನೆಗೆ ಬಂದು ಮಲಗ್ತೀನಿ ನೋಡಿ, ಒಂಬತ್ತು ವರ್ಷದ ನಿದ್ದೆ ಬಾಕಿ ಇದೆ."